ನರ್ಸಿಂಗ್‌ಗೆ ಸೇರುವ ನಮ್ಮ ಉತ್ತರ ಕನ್ನಡದ ಮಕ್ಕಳು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಅಂಕೋಲೆ ಕಡೆಯವಳು. ಇಪ್ಪತ್ತು ವರ್ಷಕ್ಕೂ ಮೇಲೆ ವಾರ್ಡಿನಲ್ಲಿ ಕೆಲಸ ಮಾಡಿ, ಈಗ ಕಾರವಾರದಲ್ಲಿ ನರ್ಸಿಂಗ್ ಮಕ್ಕಳಿಗೆ ಪಾಠ ಹೇಳುತ್ತೇನೆ. ಹೊಸ ಬ್ಯಾಚ್ ಬಂದಾಗಲೆಲ್ಲ ಅವೇ ಪ್ರಶ್ನೆಗಳು ಬರುತ್ತವೆ. ಮಕ್ಕಳು ಕೇಳುತ್ತಾರೆ, ಅವರನ್ನು ಹಾಸ್ಟೆಲಿಗೆ ಬಿಡಲು ಬಂದ ಅಪ್ಪ-ಆಯಿ ಕೇಳುತ್ತಾರೆ, ಕೆಲವರು ಬಸ್ ಸ್ಟ್ಯಾಂಡಿನಲ್ಲಿ ನಿಲ್ಲಿಸಿ ಕೇಳುತ್ತಾರೆ. ಎಲ್ಲರಿಗೂ ಸೇರಿ ಇಲ್ಲಿ ಬರೆದಿದ್ದೇನೆ.

ಯಾವ ಕೋರ್ಸ್ ಎಷ್ಟು ವರ್ಷ? ಸೈನ್ಸ್ ಓದಿರಲೇಬೇಕಾ?

ಎಎನ್‌ಎಂ (ಸಹಾಯಕ ನರ್ಸ್-ಸೂಲಗಿತ್ತಿ ಕೋರ್ಸ್) 2 ವರ್ಷ, ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) 3 ವರ್ಷ, ಬಿಎಸ್ಸಿ ನರ್ಸಿಂಗ್ 4 ವರ್ಷ. ಬಿಎಸ್ಸಿಗೆ ಪಿಯುಸಿಯಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಬೇಕು. ಜಿಎನ್‌ಎಂಗೆ ಆರ್ಟ್ಸ್, ಕಾಮರ್ಸ್ ಓದಿದವರೂ ಬರಬಹುದು. ಆರ್ಟ್ಸ್ ಓದಿ ಬಂದವರು ಮೊದಲ ಆರು ತಿಂಗಳು ಅನಾಟಮಿಯಲ್ಲಿ ಒದ್ದಾಡುತ್ತಾರೆ, ನಿಜ. ಆಮೇಲೆ ಯಾರು ಯಾವುದನ್ನು ಓದಿದ್ದರು ಅಂತ ವಾರ್ಡಿನಲ್ಲಿ ನನಗೆ ಗೊತ್ತಾಗುವುದೇ ಇಲ್ಲ.

ರಕ್ತ ನೋಡಿದರೆ ತಲೆ ತಿರುಗುತ್ತದೆ. ನನ್ನಿಂದ ಆಗುತ್ತದಾ?

ಆಗುತ್ತದೆ. ಪ್ರತಿ ಬ್ಯಾಚಿನಲ್ಲೂ ಇಬ್ಬರು ಮೂವರು ಹೀಗೇ ಇರುತ್ತಾರೆ. ರಕ್ತ ಕಂಡಾಗ ಕೆಲವರ ನಾಡಿ ನಿಧಾನವಾಗಿ, ಬಿಪಿ ಇಳಿದು, ಕಣ್ಣು ಕತ್ತಲೆ ಬರುತ್ತದೆ. ಇದು ದೇಹದ ಗುಣ, ಧೈರ್ಯ ಕಡಿಮೆ ಅಂತ ಅಂದುಕೊಳ್ಳಬೇಡಿ. ಪೋಸ್ಟಿಂಗ್ ದಿನ ಖಾಲಿ ಹೊಟ್ಟೆಯಲ್ಲಿ ಬರಬೇಡಿ. ಎರಡು ದೋಸೆಯೋ ಒಂದು ಬಟ್ಟಲು ಗಂಜಿಯೋ ತಿಂದು ಬನ್ನಿ. ತುಂಬಾ ಹೊತ್ತು ಮಂಡಿ ಬಿಗಿದು ನಿಲ್ಲಬೇಡಿ. ಬೆವರು ಬಂದು, ಕಿವಿ ಗುಂಯ್ ಅನ್ನಲು ಶುರುವಾದ ಕೂಡಲೇ "ನನಗೆ ಆಗ್ತಾ ಇಲ್ಲ" ಎಂದು ಹೇಳಿ, ಅಲ್ಲೇ ನೆಲಕ್ಕೆ ಕುಳಿತುಬಿಡಿ. ಯಾರೂ ನಗುವುದಿಲ್ಲ. ಹೇಳದೆ ನಿಂತು, ಬಿದ್ದು, ಟ್ರಾಲಿಯ ಅಂಚಿಗೆ ತಲೆ ಒಡೆದುಕೊಂಡರೆ ನಮಗೆ ಇಬ್ಬರು ಪೇಷೆಂಟ್ ಆಗುತ್ತಾರೆ.

ರಕ್ತಕ್ಕಿಂತ ವಾಸನೆ ಕಷ್ಟ. ಶುಗರ್ ಇದ್ದವರ ಕಾಲಿನ ಕೊಳೆತ ಹುಣ್ಣಿನ ವಾಸನೆಗೆ ಹೊಂದಿಕೊಳ್ಳಲು ನನಗೇ ತಿಂಗಳುಗಟ್ಟಲೆ ಬೇಕಾಯಿತು. ಆ ಹೊತ್ತಿನಲ್ಲಿ ಒಂದು ಮಾತ್ರ ನೆನಪಿಡಿ. ನೀವು ಮೂಗು ಮುರಿದರೆ ಪೇಷೆಂಟ್ ನಿಮ್ಮ ಮುಖವನ್ನೇ ನೋಡುತ್ತಿರುತ್ತಾರೆ.

ನರ್ಸ್ ಆಗುವವರಿಗೆ ಎಲ್ಲಕ್ಕಿಂತ ಮುಖ್ಯವಾಗಿ ಬೇಕಾದ ಗುಣ ಯಾವುದು? ತಾಳ್ಮೆ ಅಲ್ವಾ?

ತಾಳ್ಮೆ ಬೇಕು, ಕರುಣೆ ಬೇಕು. ಆದರೆ ನನ್ನನ್ನು ಕೇಳಿದರೆ ಮೊದಲು ಬೇಕಾದದ್ದು, ಕಂಡದ್ದನ್ನು ಕಂಡ ಹಾಗೆ ಹೇಳುವ ಗುಣ. ನೋಡಿದ್ದನ್ನು ಮಾತ್ರ ಬರೆಯುವುದು, ನೋಡದಿದ್ದರೆ ನೋಡಿಲ್ಲ ಅನ್ನುವುದು.

ಇದನ್ನು ನಾನು ಪುಸ್ತಕದಿಂದ ಕಲಿತಿಲ್ಲ. ಎರಡನೇ ವರ್ಷದ ವಿದ್ಯಾರ್ಥಿಯಾಗಿದ್ದಾಗ ಒಂದು ರಾತ್ರಿ ಮೆಡಿಕಲ್ ವಾರ್ಡಿನಲ್ಲಿ ಎಂಟು ಹಾಸಿಗೆ ನನ್ನ ಪಾಲಿಗಿದ್ದವು. ಟೆಂಪರೇಚರ್ ನೋಡಿದೆ, ನಾಡಿ ನೋಡಿದೆ, ಬಿಪಿ ನೋಡಿದೆ. ಉಸಿರಿನ ಎಣಿಕೆಗೆ ಒಂದು ನಿಮಿಷ ಪೂರ್ತಿ ನಿಲ್ಲಬೇಕಲ್ಲ, ಅದನ್ನು ಬಿಟ್ಟೆ. ಎಂಟೂ ಜನರಿಗೆ 20 ಎಂದು ಬರೆದೆ. ಮೂರನೇ ಹಾಸಿಗೆಯಲ್ಲಿ ಒಬ್ಬ ಅಜ್ಜ ಇದ್ದರು, ಬಲೆ ಹೆಣೆಯುವವರು. ಸುಮ್ಮನೆ ಮಲಗಿದ್ದರು, ಏನೂ ದೂರು ಹೇಳಿರಲಿಲ್ಲ. ಸ್ವಲ್ಪ ಹೊತ್ತಿಗೆ ರಾತ್ರಿಯ ಸಿಸ್ಟರ್ ಸುತ್ತು ಬಂದರು. ಅಜ್ಜನ ಹತ್ತಿರ ನಿಂತು, ಕೈಗಡಿಯಾರ ನೋಡುತ್ತಾ ಎಣಿಸಿದರು. 34 ಇತ್ತು. ಡಾಕ್ಟರಿಗೆ ಫೋನ್ ಹೋಯಿತು, ಆಕ್ಸಿಜನ್ ಹಾಕಿದರು, ಎಕ್ಸ್‌ರೇಯಲ್ಲಿ ನ್ಯುಮೋನಿಯಾ ಕಂಡಿತು. ಅಜ್ಜ ಉಳಿದರು. ಸಿಸ್ಟರ್ ನನಗೆ ಬೈಯಲಿಲ್ಲ. ಚಾರ್ಟ್ ತೋರಿಸಿ, "ಈ ಇಪ್ಪತ್ತು ಎಲ್ಲಿಂದ ಬಂತು ತಂಗಿ?" ಎಂದು ಕೇಳಿದರು. ಅಷ್ಟೇ. ನನ್ನ ಹತ್ತಿರ ಉತ್ತರ ಇರಲಿಲ್ಲ.

ದೊಡ್ಡವರು ಆರಾಮಾಗಿ ಮಲಗಿದ್ದಾಗ ನಿಮಿಷಕ್ಕೆ 12ರಿಂದ 20 ಉಸಿರು ಎಳೆಯುತ್ತಾರೆ. ಕಾಯಿಲೆ ಬಿಗಡಾಯಿಸುವಾಗ ತುಂಬಾ ಸಲ ಮೊದಲು ಏರುವುದು ಇದೇ. ಬಿಪಿ ಬೀಳುವುದು ಆಮೇಲೆ. ಎಣಿಸುತ್ತೇನೆ ಎಂದು ಪೇಷೆಂಟಿಗೆ ಹೇಳಿದರೆ ಅವರ ಉಸಿರು ಬದಲಾಗುತ್ತದೆ. ಅದಕ್ಕೆ ನಾಡಿ ಹಿಡಿದ ಕೈ ಬಿಡದೆ, ನಾಡಿ ನೋಡುವವರ ಹಾಗೇ ನಿಂತು, ಎದೆ ಏರಿಳಿಯುವುದನ್ನು ಪೂರ್ತಿ ಒಂದು ನಿಮಿಷ ಎಣಿಸಿ. ಇಷ್ಟು ಸಣ್ಣ ಕೆಲಸ. ನನ್ನ ಮಕ್ಕಳ ಚಾರ್ಟಿನಲ್ಲಿ ಸಾಲಾಗಿ 20, 20, 20 ಕಂಡರೆ ಈಗಲೂ ನಾನೇ ಹೋಗಿ ಎಣಿಸುತ್ತೇನೆ.

ಮೊದಲ ವರ್ಷ ಬರೀ ಹಾಸಿಗೆ ಹಾಕಿಸುತ್ತಾರಂತೆ, ಮೈ ಒರೆಸಲು ಹಚ್ಚುತ್ತಾರಂತೆ. ಅದೂ ಒಂದು ಕಲಿಕೆನಾ?

ಈ ಪ್ರಶ್ನೆ ಕೇಳುವವರು ಜಾಸ್ತಿ ಅಪ್ಪಂದಿರು. "ಇಷ್ಟು ಫೀಸು ಕೊಟ್ಟು ಇದನ್ನು ಕಲಿಯಬೇಕಾ ಮೇಡಂ" ಅನ್ನುತ್ತಾರೆ. ಅವರಿಗೆ ನಾನು ಅಡಿಕೆ ಮರದಿಂದ ಬಿದ್ದವರ ಕಥೆ ಹೇಳುತ್ತೇನೆ.

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಕೊನೆ ಕೊಯ್ಯುವ ಕೊನೆಗೌಡರು ಮರದಿಂದ ಬೀಳುವುದು ಹೊಸದೇನಲ್ಲ. ಬೆನ್ನುಹುರಿಗೆ ಪೆಟ್ಟಾದರೆ ಸೊಂಟದ ಕೆಳಗೆ ಅರಿವೇ ಇರುವುದಿಲ್ಲ. ನಮಗೆ ಒಂದೇ ಕಡೆ ಹತ್ತು ನಿಮಿಷ ಕುಳಿತರೆ ನೋವಾಗುತ್ತದೆ, ಹೊರಳುತ್ತೇವೆ. ಅವರಿಗೆ ನೋವು ಗೊತ್ತಾಗುವುದಿಲ್ಲ, ಹೊರಳಲೂ ಆಗುವುದಿಲ್ಲ. ಹಾಸಿಗೆಯ ಬಟ್ಟೆಯಲ್ಲಿ ಒಂದು ಸುಕ್ಕು, ಬೆನ್ನಡಿ ಒಂದು ಅನ್ನದ ಅಗುಳು, ಸ್ವಲ್ಪ ಒದ್ದೆ ಇದ್ದರೂ ಸಾಕು. ಎಲುಬು ಒತ್ತುವ ಜಾಗದಲ್ಲಿ ರಕ್ತ ಓಡದೆ ಚರ್ಮ ಸಾಯುತ್ತದೆ. ಮೊದಲು ಒಂದು ಕೆಂಪು ಮಚ್ಚೆ, ಬೆರಳಿನಿಂದ ಒತ್ತಿದರೂ ಬೆಳ್ಳಗಾಗದ ಕೆಂಪು. ಕಪ್ಪು ಮೈಬಣ್ಣದವರಲ್ಲಿ ಆ ಕೆಂಪೂ ಸರಿಯಾಗಿ ಕಾಣುವುದಿಲ್ಲ. ಕೈಗೆ ಬೆಚ್ಚಗೆ, ಗಟ್ಟಿಯಾಗಿ ಸಿಗುತ್ತದೆ. ಅಲ್ಲೇ ಹಿಡಿದರೆ ಸರಿಹೋಗುತ್ತದೆ. ಬಿಟ್ಟರೆ ಮುಷ್ಟಿ ಹೋಗುವಷ್ಟು ಹುಣ್ಣಾಗುತ್ತದೆ, ತಿಂಗಳುಗಟ್ಟಲೆ ವಾಸಿಯಾಗುವುದಿಲ್ಲ, ಅದರ ನಂಜಿನಿಂದಲೇ ಜೀವ ಹೋಗಬಹುದು.

ಆ ಕೆಂಪು ಮಚ್ಚೆಯನ್ನು ಯಾರು ನೋಡುತ್ತಾರೆ? ಬೆಳಿಗ್ಗೆ ಮೈ ಒರೆಸುವ ವಿದ್ಯಾರ್ಥಿ. ಡಾಕ್ಟರ್ ರೌಂಡ್ಸ್‌ಗೆ ಬಂದಾಗ ಪೇಷೆಂಟ್ ಅಂಗಾತ ಮಲಗಿರುತ್ತಾರೆ. ಸೊಂಟದ ಹಿಂಭಾಗ, ಹಿಮ್ಮಡಿ, ಮೊಣಕೈ, ತಲೆಯ ಹಿಂಬದಿ ಇವೆಲ್ಲ ಕಾಣುವುದು ನಿಮಗೆ. ಮೈ ಒರೆಸುವುದು ಅಂದರೆ ಇಡೀ ಮೈ ಪರೀಕ್ಷೆ ಮಾಡುವ ಅವಕಾಶ. ಎರಡು ಗಂಟೆಗೊಮ್ಮೆ ಮಗ್ಗಲು ಬದಲಿಸುವುದು ಸಾಮಾನ್ಯ ನಿಯಮ. ಬೆನ್ನುಮೂಳೆಗೆ ಪೆಟ್ಟಾದವರನ್ನು ಒಬ್ಬರೇ ಹೊರಳಿಸಬಾರದು. ಒಬ್ಬರು ತಲೆ-ಕುತ್ತಿಗೆ ಹಿಡಿದು ಎಣಿಕೆ ಹೇಳಬೇಕು, ಉಳಿದವರು ಆ ಎಣಿಕೆಗೆ ಸರಿಯಾಗಿ, ಮರದ ದಿಮ್ಮಿ ಉರುಳಿಸಿದ ಹಾಗೆ ಮೈಯನ್ನು ಒಟ್ಟಿಗೇ ತಿರುಗಿಸಬೇಕು. ಇದನ್ನು ಸರಿಯಾಗಿ ಮಾಡಲು ನಾಲ್ಕು ಜನರ ಕೈ ಒಂದಾಗಬೇಕು. ಅಭ್ಯಾಸ ಮಾಡದೆ ಬರುವುದಿಲ್ಲ.

ಇನ್ನೊಂದು ಮಾತು. ಮೈ ಒರೆಸುವಾಗ ಪರದೆ ಎಳೆಯಿರಿ. ಒರೆಸುತ್ತಿರುವ ಭಾಗ ಮಾತ್ರ ತೆರೆದಿರಲಿ. ಬೇರೆಯವರ ಮುಂದೆ ತೋಳಿನ ಬಟ್ಟೆಯನ್ನೂ ಸರಿಸದ ಅಜ್ಜಿಯಂದಿರು ನಮ್ಮಲ್ಲಿ ಬರುತ್ತಾರೆ. ಅವರ ಮರ್ಯಾದೆ ಆ ಹೊತ್ತಿಗೆ ನಿಮ್ಮ ಕೈಯಲ್ಲಿರುತ್ತದೆ.

ಕೈ ತೊಳೆಯುವುದನ್ನು ಯಾಕೆ ಅಷ್ಟೊಂದು ಸಲ ಕಲಿಸುತ್ತಾರೆ?

ಯಾಕೆಂದರೆ ಗೊತ್ತಿದ್ದೂ ತಪ್ಪುವ ಕೆಲಸ ಇದು. ವಿಶ್ವ ಆರೋಗ್ಯ ಸಂಸ್ಥೆ 5 ಸಂದರ್ಭ ಹೇಳುತ್ತದೆ. ಪೇಷೆಂಟನ್ನು ಮುಟ್ಟುವ ಮೊದಲು, ಗಾಯ ಅಥವಾ ಸೂಜಿಯ ಶುದ್ಧ ಕೆಲಸಕ್ಕೆ ಮೊದಲು, ರಕ್ತ-ಮೂತ್ರದಂಥದ್ದು ತಗುಲಬಹುದಾದ ಕೆಲಸದ ಮೇಲೆ, ಪೇಷೆಂಟನ್ನು ಮುಟ್ಟಿದ ಮೇಲೆ, ಅವರ ಹಾಸಿಗೆ-ಮೇಜು ಮುಟ್ಟಿದ ಮೇಲೆ. ಸೋಪು ನೀರಿನಲ್ಲಾದರೆ 40ರಿಂದ 60 ಸೆಕೆಂಡ್, ಸ್ಯಾನಿಟೈಸರ್ ಆದರೆ 20ರಿಂದ 30 ಸೆಕೆಂಡ್. ಐದನೇ ಸಂದರ್ಭವನ್ನು ಎಲ್ಲರೂ ಮರೆಯುತ್ತಾರೆ. ಪೇಷೆಂಟನ್ನು ಮುಟ್ಟಲೇ ಇಲ್ಲ, ಬರೀ ಮಂಚದ ಕಂಬಿ ಹಿಡಿದೆ ಅಂತಾರೆ. ಕಂಬಿಯಲ್ಲೂ ಅವೇ ರೋಗಾಣು ಇರುತ್ತವೆ.

ಇದರ ಜೊತೆಗೇ ಬರುವುದು ಸೂಜಿ. ಬಳಸಿದ ಸೂಜಿಗೆ ವಾಪಸ್ ಮುಚ್ಚಳ ಹಾಕಬೇಡಿ. ಚುಚ್ಚಿಕೊಳ್ಳುವುದು ತುಂಬಾ ಸಲ ಅಲ್ಲೇ. ಸೂಜಿ, ಬ್ಲೇಡು ಬಿಳಿ ಡಬ್ಬಿಗೆ. ರಕ್ತ ಹತ್ತಿದ ಹತ್ತಿ, ಬ್ಯಾಂಡೇಜು ಹಳದಿಗೆ. ಸಲೈನ್ ಟ್ಯೂಬ್, ಕ್ಯಾಥೆಟರ್, ಗ್ಲೌಸು ಕೆಂಪಿಗೆ. ಗಾಜಿನ ಬಾಟಲಿ, ಆಂಪ್ಯೂಲ್ ನೀಲಿಗೆ. ಆಸ್ಪತ್ರೆಯ ಕಸಕ್ಕೆ 2016ರ ನಿಯಮದ ಪ್ರಕಾರ ಇರುವ ಬಣ್ಣಗಳು ಇವು. ನೀವು ತಪ್ಪು ಚೀಲಕ್ಕೆ ಎಸೆದ ಸೂಜಿ ಚುಚ್ಚುವುದು ಕಸ ಎತ್ತುವ ಅಕ್ಕನ ಕೈಗೆ. ಅವರೂ ಯಾರದೋ ಮನೆಯ ತಾಯಿ.

ಚುಚ್ಚಿಕೊಂಡರೆ ಹಿಂಡಬೇಡಿ, ಬಾಯಿಗೆ ಇಡಬೇಡಿ. ಹರಿಯುವ ನೀರಿನಲ್ಲಿ ಸೋಪು ಹಾಕಿ ತೊಳೆದು, ಆ ಕ್ಷಣವೇ ಇನ್‌ಚಾರ್ಜ್ ಸಿಸ್ಟರಿಗೆ ಹೇಳಿ. ಎಚ್‌ಐವಿ ತಡೆಯುವ ಮಾತ್ರೆ ಬೇಕಾದರೆ ಎಷ್ಟು ಬೇಗ ಶುರು ಮಾಡಿದರೆ ಅಷ್ಟು ಒಳ್ಳೆಯದು, ಮೊದಲ 2 ಗಂಟೆಯೊಳಗಾದರೆ ತುಂಬಾ ಒಳ್ಳೆಯದು, 72 ಗಂಟೆ ದಾಟಬಾರದು. ಬೈಯುತ್ತಾರೆ ಎಂದು ಹೆದರಿ ಎರಡು ದಿನ ಮುಚ್ಚಿಟ್ಟ ಹುಡುಗಿಯನ್ನು ನಾನು ನೋಡಿದ್ದೇನೆ. ಆ ಎರಡು ರಾತ್ರಿ ಅವಳು ಒಬ್ಬಳೇ ಅತ್ತಿದ್ದಳು. ದಯವಿಟ್ಟು ಹಾಗೆ ಮಾಡಬೇಡಿ. ಹೆಪಟೈಟಿಸ್ ಬಿ ಲಸಿಕೆಯ 3 ಡೋಸ್ ಮುಗಿಯಲು 6 ತಿಂಗಳು ಬೇಕು, ಅದಕ್ಕೇ ಸೇರಿದ ತಿಂಗಳೇ ಶುರು ಮಾಡಿ.

ನನಗೆ ಲೆಕ್ಕ ಬರುವುದಿಲ್ಲ. ನರ್ಸಿಂಗ್‌ಗೆ ಲೆಕ್ಕ ಬೇಕಾ?

ಹೈಸ್ಕೂಲಿನ ಗುಣಾಕಾರ, ಭಾಗಾಕಾರ ಸಾಕು. ಆದರೆ ಅದು ತಪ್ಪಬಾರದು. 500 ಎಂಎಲ್ ಸಲೈನ್ 8 ಗಂಟೆಯಲ್ಲಿ ಹೋಗಬೇಕು, ಸಲೈನ್ ಹಾಕುವ ಟ್ಯೂಬಿನ ಸೆಟ್ಟಿನಲ್ಲಿ 1 ಎಂಎಲ್‌ಗೆ 20 ಹನಿ ಅಂದುಕೊಳ್ಳಿ. 500ನ್ನು 20ರಿಂದ ಗುಣಿಸಿದರೆ 10,000 ಹನಿ. 8 ಗಂಟೆ ಅಂದರೆ 480 ನಿಮಿಷ. ಭಾಗಿಸಿದರೆ ನಿಮಿಷಕ್ಕೆ ಸುಮಾರು 21 ಹನಿ. ಸೆಟ್ಟಿನ ಪೊಟ್ಟಣದ ಮೇಲೆ ಎಷ್ಟು ಹನಿ ಎಂದು ಬರೆದಿರುತ್ತದೆ, ಅದನ್ನು ಓದಿಯೇ ಲೆಕ್ಕ ಹಾಕಿ. ಮಕ್ಕಳಿಗೆ ಹಾಕುವ ಸಣ್ಣ ಹನಿಯ ಸೆಟ್ಟಿನಲ್ಲಿ 60 ಇರುತ್ತದೆ.

ಇನ್ಸುಲಿನ್ ವಿಷಯದಲ್ಲಿ ನಾನು ತುಂಬಾ ಕಟ್ಟುನಿಟ್ಟು. ನಮ್ಮಲ್ಲಿ ಎರಡು ಬಗೆಯ ಇನ್ಸುಲಿನ್ ಇದೆ. 1 ಎಂಎಲ್‌ಗೆ 40 ಯೂನಿಟ್ ಇರುವುದು ಒಂದು, 100 ಯೂನಿಟ್ ಇರುವುದು ಇನ್ನೊಂದು. ಎರಡಕ್ಕೂ ಸಿರಿಂಜು ಬೇರೆ. 40ರದ್ದಕ್ಕೆ ಕೆಂಪು ಮುಚ್ಚಳ, 100ರದ್ದಕ್ಕೆ ಕಿತ್ತಳೆ ಮುಚ್ಚಳ. 100ರ ಔಷಧವನ್ನು ಕೆಂಪು ಮುಚ್ಚಳದ ಸಿರಿಂಜಿನಲ್ಲಿ 20ರ ಗೆರೆವರೆಗೆ ಎಳೆದರೆ ಮೈಗೆ ಹೋಗುವುದು 50 ಯೂನಿಟ್. ರಾತ್ರಿ ಕೊಟ್ಟರೆ ಬೆಳಗಾಗುವುದರೊಳಗೆ ಶುಗರ್ ಇಳಿದು ಪ್ರಜ್ಞೆ ತಪ್ಪುತ್ತದೆ. ಬಾಟಲಿ ಓದಿ, ಸಿರಿಂಜು ನೋಡಿ, ಪಕ್ಕದವರಿಗೂ ತೋರಿಸಿ. ಮನೆಗೆ ಹೋಗುವ ಪೇಷೆಂಟಿಗೂ ಇದನ್ನು ಹೇಳಿಕೊಡಿ. ಮೆಡಿಕಲ್ ಶಾಪಿನಲ್ಲಿ ಯಾವ ಸಿರಿಂಜು ಕೈಗೆ ಬರುತ್ತದೋ ಅವರಿಗೆ ಗೊತ್ತಿರುವುದಿಲ್ಲ.

ಕನ್ನಡ ಮೀಡಿಯಂನಲ್ಲಿ ಓದಿದ್ದೇನೆ. ಇಂಗ್ಲಿಷ್ ಪುಸ್ತಕ ಹೇಗೆ ಓದಲಿ?

ಮೊದಲು ಕನ್ನಡದಲ್ಲಿ ಅರ್ಥ ಮಾಡಿಕೊಳ್ಳಿ, ಆಮೇಲೆ ಇಂಗ್ಲಿಷಿನಲ್ಲಿ ಬರೆಯಿರಿ. ದಿನಕ್ಕೆ ಹತ್ತು ಪದ ಸಾಕು. ಉಸಿರಾಟ ಏನು, ಹೃದಯ ಹೇಗೆ ನಡೆಯುತ್ತದೆ ಎಂದು ನಿಮ್ಮ ಅಜ್ಜಿಗೆ ಅರ್ಥವಾಗುವ ಹಾಗೆ ಹೇಳಲು ಬಂದರೆ ಪಾಠ ನಿಮ್ಮದಾಯಿತು. ವಾರ್ಡಿನಲ್ಲಿ ಪೇಷೆಂಟಿಗೆ ಹೇಳುವಾಗ ಆ ಕನ್ನಡವೇ ಕೆಲಸಕ್ಕೆ ಬರುತ್ತದೆ. ಕೇಸ್‌ಶೀಟಿನ ಅಕ್ಷರ ಓದಲು ಆಗದಿದ್ದರೆ ಊಹೆ ಮಾಡಬೇಡಿ, ಬರೆದವರನ್ನೇ ಕೇಳಿ.

ಕಾರವಾರದಲ್ಲಿ ಕೊಂಕಣಿ ಬರದೆ ನಡೆಯುತ್ತದಾ?

ನಡೆಯುತ್ತದೆ, ಆದರೆ ಕುಂಟುತ್ತದೆ. ನಮ್ಮ ಜಿಲ್ಲೆಯ ವಾರ್ಡ್ ಒಂದರಲ್ಲಿ ಎಷ್ಟು ಮಾತು ಕೇಳುತ್ತದೆ ನೋಡಿ. ಕಾರವಾರದ ಕೊಂಕಣಿ, ಭಟ್ಕಳದ ನವಾಯತಿ, ಶಿರಸಿಯ ಹವ್ಯಕ ಕನ್ನಡ, ಅಂಕೋಲೆ-ಕುಮಟೆಯ ಹಾಲಕ್ಕಿಗಳ ಕನ್ನಡ, ಹಳಿಯಾಳದ ಮರಾಠಿ, ಯಲ್ಲಾಪುರದ ಸಿದ್ದಿಗಳ ಕೊಂಕಣಿ, ಮುಂಡಗೋಡಿನ ಟಿಬೆಟನ್ನರ ಮಾತು. ಎಲ್ಲವನ್ನೂ ಕಲಿಯಲು ಯಾರಿಂದಲೂ ಆಗುವುದಿಲ್ಲ. ಆದರೆ "ಖಂಯ್ ದುಕ್ತಾ?" ಎಂದು ಕೇಳಲು ಕಲಿತ ದಿನ ಕೊಂಕಣಿ ಅಜ್ಜಿಯ ಮುಖ ನೋಡಿ. ಎಲ್ಲಿ ನೋವು ಎಂದು ಅವರ ಮಾತಿನಲ್ಲೇ ಕೇಳಿದ್ದಕ್ಕೆ ಅರ್ಧ ಹೆದರಿಕೆ ಇಳಿಯುತ್ತದೆ.

ನೋವು, ನೀರು, ಊಟ, ಮೂತ್ರ, ಉಸಿರು, ತಲೆ ತಿರುಗುವುದು, ಮಲಗಿ, ಏಳಿ. ಇಷ್ಟು ಮಾತನ್ನು ನಿಮ್ಮ ಹಾಸ್ಟೆಲಿನ ಗೆಳತಿಯರಿಂದಲೇ ನಾಲ್ಕು ಭಾಷೆಯಲ್ಲಿ ಕಲಿಯಬಹುದು.

ಇನ್ನೂ ಒಂದು ಸಂಗತಿ ಇದೆ. ನಮ್ಮ ಕಡೆಯ ಹಿರಿಯರು ನೋವನ್ನು ಸಣ್ಣದು ಮಾಡಿ ಹೇಳುತ್ತಾರೆ. "ಎಂತ ಆತು ಅಜ್ಜ?" ಎಂದರೆ "ಎಂತದ್ದೂ ಇಲ್ಲೆ ತಂಗಿ, ಸ್ವಲ್ಪ ಎದೆ ಹಿಡ್ದಾಂಗೆ" ಅನ್ನುತ್ತಾರೆ. ಆ ಸ್ವಲ್ಪದಲ್ಲಿ ಹಾರ್ಟ್ ಅಟ್ಯಾಕ್ ಇರಬಹುದು. ಬಾಯಿ ಏನು ಹೇಳುತ್ತದೋ ಕೇಳಿ, ಹಣೆಯ ಮೇಲೆ ಬೆವರಿದೆಯಾ ಅದನ್ನೂ ನೋಡಿ. ಮತ್ತೆ, ಪೇಷೆಂಟನ್ನು ಹಾಸಿಗೆ ನಂಬರಿನಿಂದ ಕರೆಯಬೇಡಿ. ಅಜ್ಜ, ಅಕ್ಕ, ಅಣ್ಣ, ಆಯಿ ಎನ್ನಿ. ಔಷಧ ಕೊಡುವ ಮುಂಚೆ ಮಾತ್ರ ಪೂರ್ತಿ ಹೆಸರು ಅವರ ಬಾಯಿಂದಲೇ ಹೇಳಿಸಿ, ಚಾರ್ಟಿಗೆ ಹೋಲಿಸಿ. "ನೀವು ಗಣಪತಿ ಅಲ್ವಾ?" ಎಂದು ಕೇಳಿದರೆ ಅರೆನಿದ್ದೆಯಲ್ಲಿ ಇರುವವರು ಹೂಂ ಅಂದುಬಿಡುತ್ತಾರೆ. ನಮ್ಮಲ್ಲಿ ಒಂದೇ ವಾರ್ಡಿನಲ್ಲಿ ಇಬ್ಬರು ಗಣಪತಿ ಇರುವುದು ಅಪರೂಪವೇನಲ್ಲ.

ನಮ್ಮ ಜಿಲ್ಲೆಯಲ್ಲಿ ಕೆಲಸ ಮಾಡುವವರಿಗೆ ಬೇರೆ ಏನಾದರೂ ಹೆಚ್ಚಿಗೆ ಗೊತ್ತಿರಬೇಕಾ?

ಗೊತ್ತಿರಬೇಕು. ಪಠ್ಯದಲ್ಲಿ ಎರಡು ಸಾಲು ಇರುವ ಕಾಯಿಲೆ ನಮ್ಮಲ್ಲಿ ಎರಡು ವಾರ್ಡ್ ತುಂಬುತ್ತದೆ.

ಹಾವು ಕಚ್ಚಿದವರು ಬಂದರೆ ಮೊದಲು ಉಂಗುರ, ಬಳೆ, ಕಾಲುಂಗುರ ತೆಗೆಯಿರಿ. ಬಾತುಕೊಂಡ ಮೇಲೆ ತೆಗೆಯಲು ಆಗುವುದಿಲ್ಲ. ಬಾವು ಎಲ್ಲಿವರೆಗೆ ಏರಿದೆ ಎಂದು ಪೆನ್ನಿನಲ್ಲಿ ಗೆರೆ ಎಳೆದು, ಪಕ್ಕದಲ್ಲಿ ಗಂಟೆ ಬರೆಯಿರಿ. ರಕ್ತ ಹೆಪ್ಪುಗಟ್ಟುತ್ತದಾ ಎಂದು ನೋಡಲು 20 ನಿಮಿಷದ ಪರೀಕ್ಷೆ ಇದೆ. 2 ಎಂಎಲ್ ರಕ್ತವನ್ನು ಒಣಗಿದ, ಶುದ್ಧವಾದ ಗಾಜಿನ ಟ್ಯೂಬಿಗೆ ಹಾಕಿ, ಅಲುಗಾಡಿಸದೆ 20 ನಿಮಿಷ ಬಿಟ್ಟು, ಆಮೇಲೆ ಓರೆ ಮಾಡಿ ನೋಡುವುದು. ನೀರಾಗಿ ಹರಿದರೆ ವಿಷ ರಕ್ತಕ್ಕೆ ಇಳಿದಿದೆ. ಪ್ಲಾಸ್ಟಿಕ್ ಟ್ಯೂಬ್ ಬಳಸಿದರೆ, ಅಥವಾ ನಡುವೆ ಎತ್ತಿ ಎತ್ತಿ ನೋಡಿದರೆ, ಉತ್ತರ ಸುಳ್ಳಾಗುತ್ತದೆ. ಇಡೀ ಚಿಕಿತ್ಸೆ ಈ ಒಂದು ಟ್ಯೂಬಿನ ಮೇಲೆ ನಿಂತಿರಬಹುದು, ಅದನ್ನು ಕಾಯುವುದು ನೀವು. ಕಟ್ಟು ಹಾವು ಕಚ್ಚಿದ್ದರೆ ಬಾವೂ ಇರುವುದಿಲ್ಲ, ನೋವೂ ಅಷ್ಟಿರುವುದಿಲ್ಲ. ರೆಪ್ಪೆ ಇಳಿಯುತ್ತಿದೆಯಾ, ಮಾತು ತೊದಲುತ್ತಿದೆಯಾ, ಎಂಜಲು ನುಂಗಲು ಆಗುತ್ತಿದೆಯಾ ಎಂದು ಮತ್ತೆ ಮತ್ತೆ ನೋಡಬೇಕು. ವಿಷಕ್ಕೆ ಮದ್ದು ಶುರುವಾದ ಮೊದಲ ನಿಮಿಷಗಳಲ್ಲಿ ಹಾಸಿಗೆ ಬಿಟ್ಟು ಹೋಗಬೇಡಿ. ತುರಿಕೆ, ವಾಂತಿ, ಉಸಿರು ಕಟ್ಟುವುದು ಅಲ್ಲೇ ಶುರುವಾಗುತ್ತದೆ.

ಮಂಗನ ಕಾಯಿಲೆ ಮೊದಲು ಗೊತ್ತಾದದ್ದು 1957ರಲ್ಲಿ, ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ. ಸಿದ್ದಾಪುರ, ಹೊನ್ನಾವರದ ಕಾಡಂಚಿನ ಮನೆಗಳಿಗೆ ಅದು ಚೆನ್ನಾಗಿ ಗೊತ್ತು. ಉಣುಗು ಕಚ್ಚಿ ಬರುತ್ತದೆ, ಚಳಿಗಾಲದ ಕೊನೆಯಿಂದ ಬೇಸಿಗೆಯವರೆಗೆ ಜಾಸ್ತಿ. ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ, ಆದ್ದರಿಂದ ಪೇಷೆಂಟಿನಿಂದ ದೂರ ನಿಲ್ಲುವ ಕಾರಣ ಇಲ್ಲ. ಆ ದಿನಗಳಲ್ಲಿ ಜ್ವರ, ತಲೆನೋವು, ಮೈಕೈ ಮುರಿತ ಎಂದು ಬಂದವರಿಗೆ "ಕಾಡಿಗೆ ಹೋಗಿದ್ರಾ? ದರಕು (ಒಣ ಎಲೆ) ತರಲು ಹೋಗಿದ್ರಾ? ಹತ್ತಿರದಲ್ಲಿ ಮಂಗ ಸತ್ತಿತ್ತಾ?" ಎಂದು ಕೇಳಿ. ವಸಡು, ಮೂಗಿನಲ್ಲಿ ರಕ್ತ ಇದೆಯಾ ನೋಡಿ. ಜ್ವರ ಬಿಟ್ಟು ಕೆಲವು ದಿನದ ಮೇಲೆ ಕೆಲವರಿಗೆ ಮತ್ತೆ ಬರುತ್ತದೆ, ಆಗ ಮಿದುಳಿಗೂ ತಟ್ಟಬಹುದು. ಮನೆಗೆ ಕಳಿಸುವಾಗ ಇದನ್ನು ಹೇಳಿ ಕಳಿಸಬೇಕು.

ಮಳೆಗಾಲದಲ್ಲಿ ಇಲಿ ಜ್ವರ. ಗದ್ದೆಯಲ್ಲಿ, ತೋಟದಲ್ಲಿ ಬರಿಗಾಲಲ್ಲಿ ದುಡಿಯುವವರಿಗೆ ಬರುತ್ತದೆ. ಮೀನಖಂಡ ಮುಟ್ಟಿದರೆ ಸಾಕು, ನೋವು. ಕಣ್ಣು ಕೆಂಪಾಗುತ್ತದೆ, ಹಳದಿಯಾಗುತ್ತದೆ. ಇವರಿಗೆ ಮೂತ್ರದ ಅಳತೆಯೇ ಜೀವ. 60 ಕೆಜಿ ತೂಕದವರಿಗೆ ಗಂಟೆಗೆ ಸುಮಾರು 30 ಎಂಎಲ್‌ಗಿಂತ ಕಡಿಮೆಯಾಗುತ್ತಿದ್ದರೆ ಮೂತ್ರಪಿಂಡ ಸೋಲುತ್ತಿರಬಹುದು. ಅಂದಾಜಿನಲ್ಲಿ ಬರೆಯಬೇಡಿ, ಅಳತೆಯ ಜಗ್ಗಿಗೆ ಸುರಿದು ನೋಡಿ ಬರೆಯಿರಿ.

ಇನ್ನು ರೆಫರ್ ಮಾಡುವ ಕೆಲಸ. ನಮ್ಮ ಜಿಲ್ಲೆಯವರು ದೊಡ್ಡ ಚಿಕಿತ್ಸೆಗೆ ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಗೋವಾ ಎಂದು ಓಡಬೇಕು. ದೇವಿಮನೆ ಘಟ್ಟ, ಅರಬೈಲು ಘಟ್ಟ ದಾಟಬೇಕು, ಮಳೆಗಾಲದಲ್ಲಿ ಗುಡ್ಡ ಕುಸಿದರೆ ದಾರಿಯೇ ಇಲ್ಲ. ಒಳ್ಳೆಯ ಆಸ್ಪತ್ರೆ ಹತ್ತಿರದಲ್ಲೇ ಬೇಕು ಎಂದು ಜನ ವರ್ಷಗಳಿಂದ ಕೇಳುತ್ತಿದ್ದಾರೆ, ಅವರ ಸಂಕಟ ನಾನು ದಿನವೂ ನೋಡಿದ್ದೇನೆ. ಅದು ಬರುವವರೆಗೆ ಆಂಬುಲೆನ್ಸ್ ಹತ್ತಿಸುವ ನಮ್ಮ ಕೈ ಗಟ್ಟಿಯಿರಬೇಕು. ಆಕ್ಸಿಜನ್ ಸಿಲಿಂಡರ್ ಎಷ್ಟು ತುಂಬಿದೆ, ಸಲೈನಿನ ಸೂಜಿ ಭದ್ರ ಇದೆಯಾ, ಯಾವ ಔಷಧ ಎಷ್ಟು ಗಂಟೆಗೆ ಕೊಟ್ಟಿದೆ, ಇವನ್ನು ಬರೆದು ಕೊಡಿ. ಜೊತೆಗೆ ಹೋಗುವ ಮನೆಯವರ ಹತ್ತಿರ ಆ ಚೀಟಿ ಇದೆಯಾ ಎಂದು ಇನ್ನೊಮ್ಮೆ ಕೇಳಿ.

ಗಂಡು ಮಕ್ಕಳು ಈ ಕೆಲಸಕ್ಕೆ ಬರಬಹುದಾ?

ಖಂಡಿತ ಬರಬಹುದು. ನನ್ನ ಹತ್ತಿರ ಕಲಿತ ಹುಡುಗರು ಐಸಿಯು, ಡಯಾಲಿಸಿಸ್, ತುರ್ತು ಚಿಕಿತ್ಸೆಯಲ್ಲಿ ಚೆನ್ನಾಗಿ ಕೆಲಸ ಮಾಡುತ್ತಿದ್ದಾರೆ. ಹೆಂಗಸರ ಮೈ ಮುಟ್ಟುವ ಕೆಲಸ ಇದ್ದಾಗ ಮೊದಲು ಕೇಳಿ, ಜೊತೆಗೆ ಒಬ್ಬ ಸಿಸ್ಟರ್ ಇರಲಿ.

ಅಬ್ಬಲಿಗೆ, ಮಲ್ಲಿಗೆ ಮುಡಿದು ಡ್ಯೂಟಿಗೆ ಬರಬಹುದಾ? ಬಳೆ?

ಭಟ್ಕಳ ಮಲ್ಲಿಗೆ ಮುಡಿಯಲು ನನಗೂ ಆಸೆ. ವಾರ್ಡಿನಲ್ಲಿ ಬೇಡ. ಕೆಲವರಿಗೆ ಪರಿಮಳಕ್ಕೇ ಉಬ್ಬಸ ಬರುತ್ತದೆ. ಬಳೆ, ಉಂಗುರ, ಉದ್ದ ಉಗುರು ಇದ್ದರೆ ಕೈ ತೊಳೆದರೂ ತೊಳೆದ ಹಾಗಲ್ಲ.

ನಮ್ಮ ಊರಿನವರೇ ಪೇಷೆಂಟ್ ಆಗಿ ಬಂದರೆ ಮನೆಯಲ್ಲಿ ಹೇಳಬಹುದಾ?

ಹೇಳಬಾರದು. ಇದು ನಮ್ಮಂಥ ಸಣ್ಣ ಊರುಗಳಲ್ಲಿ ತುಂಬಾ ಕಷ್ಟದ ಶಿಸ್ತು. ಕುಮಟೆಯ ಬಸ್ಸಿನಲ್ಲಿ ನೀವು ಆಡಿದ ಮಾತು ಹೊನ್ನಾವರ ತಲುಪುವಷ್ಟರಲ್ಲಿ ಆ ಮನೆಯವರ ಕಿವಿಗೆ ಬಿದ್ದಿರುತ್ತದೆ. ಮದುವೆಯಾಗದ ಹುಡುಗಿಯ ಟೆಸ್ಟ್, ಕುಡಿತದಿಂದ ಬಂದ ಲಿವರ್ ತೊಂದರೆ, ಕ್ಷಯ, ಮಾನಸಿಕ ಕಾಯಿಲೆ, ಇವು ಹೊರಬಿದ್ದರೆ ಒಂದು ಮನೆಯೇ ತಲೆ ತಗ್ಗಿಸಬೇಕಾಗುತ್ತದೆ. ಎಚ್‌ಐವಿ ಇದೆ ಎಂದು ಒಪ್ಪಿಗೆ ಇಲ್ಲದೆ ಹೇಳುವುದನ್ನು 2017ರ ಕಾಯಿದೆ ತಡೆಯುತ್ತದೆ. ನಿಮ್ಮ ಆಯಿ "ಆ ಮಾದೇವಿ ಮಗಳಿಗೆ ಎಂತ ಆಗಿತ್ತೇ?" ಎಂದು ಅಕ್ಕರೆಯಿಂದಲೇ ಕೇಳುತ್ತಾರೆ. "ಅದು ನಾ ಹೇಳೋ ಹಾಗಿಲ್ಲ ಆಯಿ" ಎಂದು ಒಮ್ಮೆ ಹೇಳಿ ನೋಡಿ. ಮುನಿಸಿಕೊಂಡರೂ, ನಾಳೆ ತನಗೇ ಏನಾದರೂ ಆದರೆ ಈ ಮಗಳ ಹತ್ತಿರ ಹೇಳಬಹುದು ಎಂದು ಅವರಿಗೆ ಗೊತ್ತಾಗುತ್ತದೆ.

ವಾರ್ಡಿನಲ್ಲಿ ಸೆಲ್ಫಿ ಬೇಡವೇ ಬೇಡ. ಹಿಂದೆ ಮಲಗಿದವರ ಮುಖ, ಗೋಡೆಯ ಬೋರ್ಡಿನ ಹೆಸರು ಎರಡೂ ಅದರಲ್ಲಿ ಬರುತ್ತವೆ.

ಪೇಷೆಂಟಿನ ಮನೆಯವರು ಬೈದರೆ ಏನು ಮಾಡಬೇಕು?

ಬೈಯುವವರು ಹೆಚ್ಚಾಗಿ ಹೆದರಿದವರು. ಎರಡು ಗಂಟೆಯಿಂದ ಯಾರೂ ಏನೂ ಹೇಳಿಲ್ಲ ಎಂಬುದೇ ಅವರ ಸಿಟ್ಟಿನ ಬೇರು. ವಾದ ಮಾಡಬೇಡಿ. ಕೂರಿಸಿ, ನಿಮಗೆ ಗೊತ್ತಿರುವಷ್ಟು ಹೇಳಿ, ಉಳಿದದ್ದಕ್ಕೆ "ಸಿಸ್ಟರನ್ನು ಕರೆಯುತ್ತೇನೆ" ಎನ್ನಿ, ಕರೆಯಿರಿ. "ಏನೂ ಆಗಲ್ಲ ಬಿಡಿ" ಎಂದು ಮಾತ್ರ ಹೇಳಬೇಡಿ. ಸಮಾಧಾನಕ್ಕೆ ಹೇಳಿದ ಸುಳ್ಳು ಎರಡನೇ ದಿನ ಅವರ ಎದೆಗೆ ಚುಚ್ಚುತ್ತದೆ. ಕೈ ಎತ್ತಿದರೆ ಅಲ್ಲಿ ನಿಲ್ಲಬೇಡಿ, ಹಿರಿಯರನ್ನು ಕರೆದು ದೂರ ಬನ್ನಿ. ಸಹಿಸಿಕೊಂಡು ನಿಲ್ಲುವುದು ನಿಮ್ಮ ಕೆಲಸದ ಭಾಗ ಅಲ್ಲ.

ಬಾರದ ಕೆಲಸ ಹೇಳಿದರೆ? ತಪ್ಪಾಗಿಬಿಟ್ಟರೆ?

"ನನಗೆ ಬರುವುದಿಲ್ಲ, ತೋರಿಸಿಕೊಡಿ" ಎನ್ನಿ. ಇದನ್ನು ಧೈರ್ಯವಾಗಿ ಹೇಳುವ ವಿದ್ಯಾರ್ಥಿಯ ಕೈಗೆ ನಾನು ಕೆಲಸ ಬೇಗ ಕೊಡುತ್ತೇನೆ. ತಪ್ಪಾದರೆ ಮೊದಲು ಪೇಷೆಂಟನ್ನು ನೋಡಿ, ಮರುಕ್ಷಣ ಹೇಳಿ, ಆಮೇಲೆ ಬರೆಯಿರಿ. ಬಿಳಿ ಹಚ್ಚಿ ಅಳಿಸಬೇಡಿ, ಒಂದು ಗೆರೆ ಎಳೆದು ಪಕ್ಕದಲ್ಲಿ ಸರಿಯಾದದ್ದನ್ನು ಬರೆದು ಸಹಿ ಹಾಕಿ. ಟ್ಯೂಟರ್ ಆದವರಿಗೂ ಒಂದು ಮಾತು. ತಪ್ಪು ಹೇಳಿಕೊಂಡು ಬಂದ ಮಗುವನ್ನು ಎಲ್ಲರ ಮುಂದೆ ಬೈದರೆ ಮುಂದಿನ ತಪ್ಪು ನಮಗೆ ಗೊತ್ತೇ ಆಗುವುದಿಲ್ಲ.

ಎಷ್ಟು ರಜೆ ಹಾಕಬಹುದು? ಜಾತ್ರೆಗೆ ಬಿಡುತ್ತಾರಾ?

ಬಿಎಸ್ಸಿಯಲ್ಲಿ ಪರೀಕ್ಷೆಗೆ ಕೂರಲು ಪಾಠ, ಪ್ರಾಕ್ಟಿಕಲ್ ಎರಡರಲ್ಲೂ ಕನಿಷ್ಠ 80% ಹಾಜರಿ ಬೇಕು. ಡಿಗ್ರಿ ಕೈಗೆ ಬರುವ ಮೊದಲು ಪ್ರಾಕ್ಟಿಕಲ್ 100% ತುಂಬಿಸಲೇಬೇಕು, ತಪ್ಪಿದ ದಿನಗಳನ್ನು ಆಮೇಲೆ ಮಾಡಿಕೊಡಬೇಕಾಗುತ್ತದೆ. ಶಿರಸಿ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುತ್ತದೆ, ಮುಂಚೆಯೇ ಹೇಳಿದರೆ ಡ್ಯೂಟಿ ಬದಲಿಸಿಕೊಳ್ಳಬಹುದು. ಹೇಳದೆ ಹೋದರೆ ಆ ದಿನ ನಿಮ್ಮ ಗೆಳತಿ ಎರಡು ಜನರ ಕೆಲಸ ಮಾಡುತ್ತಾಳೆ.

ಪೇಷೆಂಟ್ ತೀರಿಹೋದರೆ ತಡೆದುಕೊಳ್ಳುವುದು ಹೇಗೆ?

ಮೊದಲನೆಯದು ಯಾರೂ ಮರೆಯುವುದಿಲ್ಲ. ಅಳು ಬಂದರೆ ಅಳಿ. ಆದರೆ ಮೊದಲು ಕೆಲಸ ಇದೆ, ಅದು ಒಂಥರಾ ಆಸರೆಯೂ ಹೌದು. ಪರದೆ ಎಳೆಯಬೇಕು. ಕಣ್ಣು ಮುಚ್ಚಿ, ಕೈಕಾಲು ನೇರ ಮಾಡಿ, ಮೈ ಒರೆಸಿ, ಶುದ್ಧ ಬಟ್ಟೆ ಹೊದಿಸಬೇಕು. ಟ್ಯೂಬುಗಳನ್ನು ತೆಗೆಯುವ ಮುಂಚೆ ಇನ್‌ಚಾರ್ಜ್ ಸಿಸ್ಟರನ್ನು ಕೇಳಿ, ಪೊಲೀಸ್ ಕೇಸ್ ಇದ್ದರೆ ಹಾಗೇ ಬಿಡಬೇಕಾಗುತ್ತದೆ. ಆ ಮೈಯ ಹತ್ತಿರವೂ ಮೆಲ್ಲಗೆ ಮಾತಾಡಿ, ಹೊರಳಿಸುವಾಗ "ಅಜ್ಜ, ಸ್ವಲ್ಪ ಈ ಕಡೆ" ಎನ್ನುವ ಸಿಸ್ಟರುಗಳನ್ನು ನಾನು ನೋಡಿದ್ದೇನೆ. ಮನೆಯವರನ್ನು ಏನು ಮಾಡಬೇಕೆಂದು ಕೇಳಿ. ಒಬ್ಬರು ಬಾಯಿಗೆ ತುಳಸಿ ನೀರು ಬಿಡುತ್ತಾರೆ, ಒಬ್ಬರು ಮುಖವನ್ನು ಪಶ್ಚಿಮದ ಕಡೆ ತಿರುಗಿಸಲು ಕೇಳುತ್ತಾರೆ, ಒಬ್ಬರು ಪ್ರಾರ್ಥನೆಗೆ ಹತ್ತು ನಿಮಿಷ ಬೇಡುತ್ತಾರೆ. ಆ ಹತ್ತು ನಿಮಿಷ ಕೊಡಿಸಿ.

ಆಮೇಲೆ ಒಬ್ಬರೇ ರೂಮಿಗೆ ಹೋಗಬೇಡಿ. ಟ್ಯೂಟರ್ ಹತ್ತಿರ ಬನ್ನಿ, ಗೆಳತಿಯ ಜೊತೆ ಕುಳಿತು ಚಹಾ ಕುಡಿಯಿರಿ. ವಾರಗಟ್ಟಲೆ ನಿದ್ದೆ ಬಾರದೆ, ಊಟ ಸೇರದೆ ಇದ್ದರೆ ಅದನ್ನೂ ಹೇಳಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್‌ನ 14416 ನಂಬರಿಗೆ ಯಾವ ಹೊತ್ತಿಗಾದರೂ ಫೋನ್ ಮಾಡಬಹುದು, ದುಡ್ಡು ಬೀಳುವುದಿಲ್ಲ, ಕನ್ನಡದಲ್ಲೂ ಮಾತಾಡಬಹುದು.

ಮೊದಲ ದಿನ ವಾರ್ಡಿಗೆ ಏನೇನು ತರಬೇಕು?

ಸೆಕೆಂಡ್ ಮುಳ್ಳು ಇರುವ ಗಡಿಯಾರ. ಎದೆಗೆ ಸಿಕ್ಕಿಸುವಂಥದ್ದಾದರೆ ಇನ್ನೂ ಒಳ್ಳೆಯದು, ಕೈ ತೊಳೆಯಲು ಅಡ್ಡಿ ಇಲ್ಲ. ನೀಲಿ ಪೆನ್ನು, ಕೆಂಪು ಪೆನ್ನು, ಜೇಬಿಗೆ ಹಿಡಿಯುವ ನೋಟ್‌ಬುಕ್. ಒದ್ದೆ ನೆಲದಲ್ಲಿ ಜಾರದ, ಬೆರಳು ಮುಚ್ಚುವ ಶೂ. ಮಳೆಗಾಲವಾದರೆ ಒಂದು ಜೊತೆ ಹೆಚ್ಚಿನ ಸಾಕ್ಸ್, ಕಾರವಾರದ ಮಳೆಗೆ ಹಾಸ್ಟೆಲಿನಿಂದ ಗೇಟು ತಲುಪುವುದರೊಳಗೆ ಕಾಲು ನೆನೆದಿರುತ್ತದೆ. ನೀರಿನ ಬಾಟಲಿ. ಫೋನ್ ಸೈಲೆಂಟ್ ಮಾಡಿ ಬ್ಯಾಗಿನಲ್ಲಿರಲಿ, ಗಡಿಯಾರ ಇದೆಯಲ್ಲ.